ವೆಝ್ಲೆಯ ಬಾಗಿಲಲ್ಲಿ ನಾವು

ಪ್ಯಾರಿಸ್ಸಿನ ಬೆರ್ಸಿ ನಿಲ್ದಾಣದಿಂದ ಹೊರಟ ರೈಲು ಸೆರ್ಮಿಜೆಲ್ ಎಂಬ ಸಣ್ಣ ನಿಲ್ದಾಣದಲ್ಲಿ ನಮ್ಮನ್ನು ಇಳಿಸಿ ಮುಂದೆ ಹೋಯಿತು. ಅಲ್ಲಿಂದ ವೆಝ್ಲೆಗೆ ಸುಮಾರು 10 ಕಿಲೋಮೀಟರು. ಟ್ಯಾಕ್ಸಿ ಕ್ಯೂರ್ ಹೊಳೆಯ ಕಣಿವೆಯಲ್ಲಿ ಸಾಗುತ್ತಿದ್ದಾಗ ಒಂದು ತಿರುವಿನಲ್ಲಿ ಗುಡ್ಡ ಎದುರಾಯಿತು. ಕೆಳಗೆ ದ್ರಾಕ್ಷಿಯ ಸಾಲುಗಳು, ನಡುವೆ ಕಂದು ಹೆಂಚಿನ ಮನೆಗಳು, ನೆತ್ತಿಯ ಮೇಲೆ ಮಗ್ದಲದ ಮರಿಯಳ ಬೆಸಿಲಿಕಾ. ಊರಲ್ಲಿ ಈಗ ವಾಸವಿರುವವರು 500ಕ್ಕಿಂತ ಕಡಿಮೆ ಜನ. ಚರ್ಚಿನ ಉದ್ದವೇ 120 ಮೀಟರು. ಇಷ್ಟು ಚಿಕ್ಕ ಊರು ಇಷ್ಟು ದೊಡ್ಡ ಕಟ್ಟಡವನ್ನು ಯಾಕೆ ಹೊತ್ತುಕೊಂಡಿತು ಎಂಬುದು ದೂರದಿಂದಲೇ ಮನಸ್ಸಿಗೆ ಬರುವ ಪ್ರಶ್ನೆ.

ತಮ್ಮನ ಮಗಳು ಪ್ಯಾರಿಸ್ಸಿನಲ್ಲಿ ಕಲಾ ಇತಿಹಾಸ ಓದುತ್ತಿದ್ದಾಳೆ. ನಾನು ಬರುವ ಸುದ್ದಿ ತಿಳಿದಾಗಲೇ, “ಅತ್ತಿ, ನಿನಗ ಒಂದ ಬಾಗಲಾ ತೋರಸಬೇಕು. ಅದರ ಮ್ಯಾಲ ನಾವ ಅದೀವಿ” ಅಂದಿದ್ದಳು. ನಾವು ಅಂದರೆ ಯಾರು ಎಂದು ಕೇಳಿದ್ದಕ್ಕೆ “ಬಾ, ಬಂದ ನೋಡು” ಎಂದಷ್ಟೇ ಹೇಳಿ ಫೋನು ಇಟ್ಟಿದ್ದಳು.

ಊರಿಗೆ ಇರುವುದು ಒಂದೇ ಮುಖ್ಯ ಬೀದಿ. ಅದು ಕೆಳಗಿನ ಸಂತೆಮೈದಾನದಿಂದ ಶುರುವಾಗಿ ಬೆಸಿಲಿಕಾದ ಮುಂದೆ ಮುಗಿಯುತ್ತದೆ. ಹಾಸುಗಲ್ಲುಗಳ ನಡುವೆ ಅಲ್ಲಲ್ಲಿ ಹಿತ್ತಾಳೆಯ ಚಿಪ್ಪುಗಳನ್ನು ಕೂರಿಸಿದ್ದಾರೆ. ಸ್ಪೇನಿನ ಸಾಂತಿಯಾಗೊ ಯಾತ್ರೆಗೆ ಫ್ರಾನ್ಸಿನಿಂದ ಹೊರಡುವ ನಾಲ್ಕು ಹಳೆಯ ದಾರಿಗಳಲ್ಲಿ ಒಂದು ಇಲ್ಲಿಂದಲೇ ಆರಂಭವಾಗುತ್ತದೆ. ಚಿಪ್ಪು ಆ ಯಾತ್ರೆಯ ಗುರುತು. ಬೆನ್ನಿಗೆ ಚೀಲ ಕಟ್ಟಿಕೊಂಡ ಯಾತ್ರಿಕರು ಈಗಲೂ ಬರುತ್ತಾರೆ. ಅನೇಕ ಮನೆಗಳ ಅಡಿಯಲ್ಲಿ ಮಧ್ಯಯುಗದ ಕಮಾನಿನ ನೆಲಮಾಳಿಗೆಗಳಿವೆ. ಜಾತ್ರೆಯ ದಿನಗಳಲ್ಲಿ ಯಾತ್ರಿಕರು ಮಲಗುತ್ತಿದ್ದದ್ದು ಅಂಥ ಕಡೆ.

ಊರಿನ ಚರಿತ್ರೆಯಲ್ಲಿ ಭಕ್ತಿಯೂ ದುಡ್ಡೂ ಒಂದಕ್ಕೊಂದು ಹೆಣೆದುಕೊಂಡಿವೆ. 9ನೇ ಶತಮಾನದ ನಡುವಿನಲ್ಲಿ ಜಿರಾರ್ ಎಂಬ ಸಾಮಂತ ಕೆಳಗಿನ ಸೇಂ-ಪೇರ್‌ನಲ್ಲಿ ಮಠ ಕಟ್ಟಿಸಿದ. ನಾರ್ಮನ್ ದಾಳಿಕೋರರು ಅದನ್ನು ಹಾಳುಗೆಡವಿದ ಮೇಲೆ ಮಠ ಗುಡ್ಡ ಹತ್ತಿತು. 11ನೇ ಶತಮಾನದಲ್ಲಿ ಮಗ್ದಲದ ಮರಿಯಳ ಅಸ್ಥಿಗಳು ಇಲ್ಲಿವೆ ಎಂಬ ಮಾತಿಗೆ ಪೋಪರ ಮನ್ನಣೆಯೂ ಸಿಕ್ಕಿ ಜನ ಹರಿದು ಬಂದರು. ಮಠಾಧೀಶ ಆರ್ತೊ ಹಳೆಯ ಚರ್ಚನ್ನು ಬಿಚ್ಚಿ ದೊಡ್ಡದು ಕಟ್ಟಲು ಹೊರಟ. ಆ ಭಾರ ಬಿದ್ದದ್ದು ಊರವರ ಮೇಲೆ. ಅವರು ದಂಗೆಯೆದ್ದು 1106ರಲ್ಲಿ ಆತನನ್ನು ಕೊಂದರು. 1120ರ ಜುಲೈ ತಿಂಗಳಲ್ಲಿ, ಮರಿಯಳ ಹಬ್ಬದ ಮುನ್ನಾ ರಾತ್ರಿ, ಚರ್ಚಿಗೆ ಬೆಂಕಿ ಬಿದ್ದು ಸಾವಿರಕ್ಕೂ ಹೆಚ್ಚು ಯಾತ್ರಿಕರು ಸತ್ತರು ಎಂದು ಹಳೆಯ ವೃತ್ತಾಂತ ಹೇಳುತ್ತದೆ. ಆ ಬೂದಿಯ ಮೇಲೆ ಎದ್ದದ್ದೇ ಇವತ್ತು ನಾವು ನೋಡುವ ರೋಮನೆಸ್ಕ್ ಸಭಾಂಗಣ.

ಮುಂದೆ 1279ರಲ್ಲಿ ದಕ್ಷಿಣದ ಪ್ರೊವಾನ್ಸ್ ಸೀಮೆಯವರು ಮರಿಯಳ ನಿಜವಾದ ಅಸ್ಥಿಗಳು ತಮ್ಮಲ್ಲಿ ಸಿಕ್ಕಿವೆ ಎಂದರು. 1295ರಲ್ಲಿ ಪೋಪ್ ಅದನ್ನೇ ಒಪ್ಪಿದ ಮೇಲೆ ವೆಝ್ಲೆಯ ದಾರಿಗಳು ಬರಿದಾದವು. ಧರ್ಮಯುದ್ಧಗಳಲ್ಲಿ, 1569ರಲ್ಲಿ, ಲೂಟಿ. ಆಮೇಲೆ ಫ್ರೆಂಚ್ ಕ್ರಾಂತಿ. 1834ರಲ್ಲಿ ಸ್ಮಾರಕಗಳ ಇನ್‌ಸ್ಪೆಕ್ಟರಾಗಿ ಬಂದ ಲೇಖಕ ಪ್ರೊಸ್ಪೆರ್ ಮೆರಿಮೆ ಒಳಗೆ ಕುಳಿತು ಚಿತ್ರ ಬರೆಯುತ್ತಿದ್ದಾಗ ಸುತ್ತ ಸಣ್ಣ ಕಲ್ಲುಗಳು ಉದುರುವ ಸದ್ದು ಕೇಳುತ್ತಿತ್ತಂತೆ. 1840ರಲ್ಲಿ ಇದನ್ನು ಉಳಿಸುವ ಕೆಲಸವನ್ನು 26 ವರ್ಷದ ವಿಯೊಲೆ-ಲ-ದ್ಯುಕ್‌ಗೆ ಒಪ್ಪಿಸಲಾಯಿತು. ಅಷ್ಟು ಎಳೆಯನ ಕೈಗೆ ಕುಸಿಯುವ ಕಟ್ಟಡ ಕೊಟ್ಟ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಕೆಲಸ 1859ರವರೆಗೆ ನಡೆಯಿತು. ಇಂದು ಕಟ್ಟಡ ನಿಂತಿದೆಯೆಂದರೆ ಆತನಿಂದಾಗಿ.

ಹೊರಗಿನ ಮುಖಮಂಟಪದ ಶಿಲ್ಪಗಳನ್ನು ಕ್ರಾಂತಿಯ ಕಾಲದಲ್ಲಿ ಸುತ್ತಿಗೆಯಿಂದ ಒಡೆದುಹಾಕಿದರು. ಈಗ ಅಲ್ಲಿರುವುದು 19ನೇ ಶತಮಾನದ ಕೆಲಸ. ಅದನ್ನು ದಾಟಿ ಒಳಗೆ ಹೋದರೆ ನೇರ ಚರ್ಚು ಸಿಗುವುದಿಲ್ಲ. ಮೊದಲು ಎತ್ತರದ, ಮಬ್ಬುಗತ್ತಲಿನ ಒಂದು ಮೊಗಸಾಲೆ. ಅದರ ಕೊನೆಗೆ ನಿಜವಾದ ಬಾಗಿಲು. ಮೊಗಸಾಲೆಯ ಮರೆಯಲ್ಲಿದ್ದದ್ದಕ್ಕೇ ಅದು ಗಾಳಿಮಳೆಯಿಂದಲೂ ಸುತ್ತಿಗೆಯಿಂದಲೂ ಬಹುಮಟ್ಟಿಗೆ ಉಳಿಯಿತು.

ಬಾಗಿಲ ಮೇಲಿನ ಅರೆಚಂದ್ರಾಕಾರದ ಕಲ್ಲಿನಲ್ಲಿ, ನಡುವೆ, ಆಳೆತ್ತರವನ್ನೂ ಮೀರಿದ ಕ್ರಿಸ್ತ ಕುಳಿತಿದ್ದಾನೆ. ಮೊಣಕಾಲಿನ ಸುತ್ತ ಬಟ್ಟೆಯ ನಿರಿಗೆಗಳು ಸುಳಿಸುಳಿಯಾಗಿ ತಿರುಗುತ್ತವೆ. ಕಲ್ಲಿನೊಳಗೆ ಗಾಳಿ ಬೀಸುತ್ತಿದೆ. ಚಾಚಿದ ಕೈಗಳಿಂದ ಕಿರಣಗಳು ಹೊರಟು ಎರಡೂ ಕಡೆ ಕುಳಿತ ಶಿಷ್ಯರ ತಲೆಗಳನ್ನು ಮುಟ್ಟುತ್ತವೆ. ಭೂಮಿಯ ಕೊನೆಯವರೆಗೂ ಹೋಗಿ ಎಲ್ಲರಿಗೂ ಸಾರಿರಿ ಎಂದು ಅವರನ್ನು ಕಳಿಸುವ ಗಳಿಗೆ ಇದು. ಹಾಗಿದ್ದ ಮೇಲೆ ಭೂಮಿಯ ಕೊನೆಯಲ್ಲಿ ಇರುವವರು ಯಾರು? ಶಿಲ್ಪಿ ಅವರನ್ನೂ ಕೆತ್ತಿದ್ದಾನೆ. ಶಿಷ್ಯರ ಸುತ್ತಲಿನ ಚೌಕಗಳಲ್ಲಿ, ಕೆಳಗಿನ ಅಡ್ಡಪಟ್ಟಿಯಲ್ಲಿ, ಲೋಕದ ಜನಾಂಗಗಳೆಲ್ಲ ನೆರೆದಿವೆ. ಬಿಲ್ಲು ಹಿಡಿದ ಬೇಟೆಗಾರರಿದ್ದಾರೆ. ಬಲಿಗೆ ಎತ್ತನ್ನು ಒಯ್ಯುವವರಿದ್ದಾರೆ. ಕುದುರೆ ಹತ್ತಲು ಏಣಿ ಬೇಕಾಗುವಷ್ಟು ಕುಳ್ಳರಿದ್ದಾರೆ. ಮೇಲೊಂದು ಚೌಕದಲ್ಲಿ ನಾಯಿ ತಲೆಯ ಮನುಷ್ಯರು. ಅಡ್ಡಪಟ್ಟಿಯ ಬಲತುದಿಯಲ್ಲಿ ದೊಡ್ಡ ಕಿವಿಗಳ ಒಂದು ಸಂಸಾರ: ಗಂಡ, ಹೆಂಡತಿ, ಮತ್ತು ಕುಂಚಿಗಿಯೊಳಗಿನ ಕೂಸಿನಂತೆ ತನ್ನ ಕಿವಿಗಳೊಳಗೇ ಬೆಚ್ಚಗಿರುವ ಮಗು.

ಹುಡುಗಿ ನಾಯಿ ತಲೆಯವರತ್ತ ಬೆರಳು ಮಾಡಿದಳು. “ಇವರು ಯಾರು ಗೊತ್ತೇನು ಅತ್ತಿ? ಇಂಡಿಯಾದವರು.”

ಅವಳು ಹೇಳಿದ್ದು ಕಲ್ಪನೆಯಲ್ಲ. ಕ್ರಿ.ಪೂ. 5ನೇ ಶತಮಾನದಲ್ಲಿ ಪರ್ಷಿಯಾದ ಆಸ್ಥಾನದಲ್ಲಿದ್ದ ಗ್ರೀಕ್ ವೈದ್ಯ ಕ್ಟೀಸಿಯಸ್ ಭಾರತದ ಬಗ್ಗೆ ಒಂದು ಪುಸ್ತಕ ಬರೆದ. ಭಾರತವನ್ನು ಅವನು ನೋಡಿದವನಲ್ಲ. ಅಲ್ಲಿನ ಬೆಟ್ಟಗಳಲ್ಲಿ ನಾಯಿ ತಲೆಯವರಿದ್ದಾರೆ, ಅವರು ಬೊಗಳುತ್ತಾರೆ, ಆದರೆ ಮಾತು ತಿಳಿಯುತ್ತದೆ, ನ್ಯಾಯವಂತರು ಎಂದು ಬರೆದ. ಆ ಮಾತು ರೋಮಿನ ಪ್ಲಿನಿಯ ಕೈಗೆ ಬಂತು. 7ನೇ ಶತಮಾನದಲ್ಲಿ ಸೆವಿಲ್ಲಿನ ಬಿಷಪ್ ಇಸಿಡೋರನ ವಿಶ್ವಕೋಶವೂ ನಾಯಿ ತಲೆಯವರು ಹುಟ್ಟುವ ನಾಡು ಭಾರತ ಎಂದಿತು. ಯುರೋಪಿನ ಮಠಗಳಲ್ಲಿ ಇಸಿಡೋರನನ್ನು ಓದದವರು ವಿರಳ. ಹೀಗೆ ಒಂದು ವದಂತಿ ಹದಿನೈದು ನೂರು ವರ್ಷ ನಡೆದು ಬರ್ಗಂಡಿಯ ಈ ಬಾಗಿಲು ತಲುಪಿದೆ.

ದೊಡ್ಡ ಕಿವಿಯವರನ್ನು ಇಸಿಡೋರ್ ಸಿಥಿಯಾದಲ್ಲಿ ಇಟ್ಟಿದ್ದಾನೆ. ಆದರೆ ಅದಕ್ಕೂ ಮೊದಲು ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದಿದ್ದ ಮೆಗಸ್ತನೀಸ್ ಕಿವಿಯನ್ನೇ ಹಾಸಿ ಮಲಗುವ ಜನ ಭಾರತದಲ್ಲಿದ್ದಾರೆಂದು ಬರೆದಿದ್ದ. ಅದು ಅವನು ಕಟ್ಟಿದ ಕತೆಯಲ್ಲ, ಭಾರತದಲ್ಲೇ ಕೇಳಿದ್ದು ಎಂದು ವಿದ್ವಾಂಸರು ಹೇಳುವುದಕ್ಕೆ ಆಧಾರ ಮಹಾಭಾರತದಲ್ಲಿದೆ. ಸಭಾಪರ್ವದಲ್ಲಿ ಸಹದೇವ ದಕ್ಷಿಣ ದಿಕ್ಕನ್ನು ಗೆಲ್ಲಲು ಹೊರಡುತ್ತಾನೆ. ಅವನು ಕಿಷ್ಕಿಂಧೆಯ ಗುಹೆಗೆ ಬರುತ್ತಾನೆ. ಮುಂದೆ ಒಂಟಿಕಾಲಿನ ಜನರನ್ನೂ, ಕಿವಿಯನ್ನೇ ಹೊದೆಯುವ ಕರ್ಣಪ್ರಾವರಣರನ್ನೂ ಗೆಲ್ಲುತ್ತಾನೆ. ಕಿಷ್ಕಿಂಧೆಯೆಂದರೆ ಹಂಪಿಯ ಸೀಮೆ ಎಂದು ನಂಬಿ ಬೆಳೆದವರು ನಾವು. ಉತ್ತರದ ಕವಿಗೂ ವಿಂಧ್ಯದಿಂದೀಚೆ ಇದ್ದವರು ಕಿವಿ ಹೊದ್ದು ಮಲಗುವವರೇ. ಆ ಕಲ್ಲಿನ ಸಂಸಾರದ ಮುಂದೆ ನಿಂತಾಗ, ಗ್ರೀಕರ ಪುಸ್ತಕ, ವ್ಯಾಸರ ಕಾವ್ಯ ಎರಡೂ ಸೇರಿ ನಮ್ಮ ಹಿರಿಯರ ಚಿತ್ರ ಬರೆದು ಇಲ್ಲಿಗೆ ಕಳಿಸಿದಂತೆ ನನಗೆ ಅನ್ನಿಸಿತು.

ಅವಮಾನವಾಯಿತೇ? ಇಲ್ಲ. ನಾನು ಬಹಳ ಹೊತ್ತು ನೋಡಿದೆ. ನಾಯಿ ತಲೆಯವರು ಒಬ್ಬರಿಗೊಬ್ಬರು ಮುಖ ತಿರುಗಿಸಿ ಏನನ್ನೋ ಮಾತಾಡಿಕೊಳ್ಳುತ್ತಿದ್ದಾರೆ. ಕಿವಿಯವರ ಮಗುವನ್ನು ಕೆತ್ತುವಾಗ ಶಿಲ್ಪಿಯ ಕೈ ಮೆತ್ತಗಾಗಿದೆ. ಯಾರನ್ನೂ ಕಾಲಡಿ ತುಳಿದಿಲ್ಲ, ನರಕಕ್ಕೆ ನೂಕಿಲ್ಲ. ನಮ್ಮ ಕಾವ್ಯದ ಆ ಪ್ರಸಂಗದಲ್ಲಿ ಕರ್ಣಪ್ರಾವರಣರು ಸೋತು ಶರಣಾಗಲಿಕ್ಕೆ ಮಾತ್ರ ಬರುತ್ತಾರೆ. ಇಲ್ಲಿ ಅವರು ಕೇಳಿಸಿಕೊಳ್ಳಲು ಬಂದಿದ್ದಾರೆ. ತಾನು ಎಂದೂ ಕಾಣದ, ಹೇಗಿರುತ್ತಾರೋ ತಿಳಿಯದ ಜನರಿಗೆ ಈ ಮನುಷ್ಯ ಬಾಗಿಲಿನ ಮೇಲೆಯೇ ಜಾಗ ಕೊಟ್ಟಿದ್ದಾನೆ. ಮುಖಗಳನ್ನು ತಪ್ಪಾಗಿ ಕೆತ್ತಿದ. ಜಾಗ ಸರಿಯಾಗಿ ಕೊಟ್ಟ.

ಇದೇ ಬಾಗಿಲ ಹೊರಕಮಾನಿನಲ್ಲಿ ರಾಶಿಚಕ್ರವೂ ತಿಂಗಳ ಕೆಲಸಗಳೂ ಇವೆ. ಬೆಂಕಿ ಕಾಯಿಸಿಕೊಳ್ಳುವವನು, ಹುಲ್ಲು ಕೊಯ್ಯುವವನು, ಬಳ್ಳಿ ಸವರುವ ದ್ರಾಕ್ಷಿ ಬೆಳೆಗಾರ. ನನ್ನ ತಮ್ಮನಿಗೆ ವಿಜಯಪುರದ ತಿಕೋಟಾ ಕಡೆ ದ್ರಾಕ್ಷಿ ತೋಟವಿದೆ. ಕತ್ತರಿ ಹಿಡಿದು ಬಗ್ಗುವ ಆ ಭಂಗಿಯ ಪರಿಚಯ ನಮ್ಮ ಮನೆಯವರಿಗೆ ಬೇರೆ ಬೇಡ.

ಒಳಗೆ ಹೆಜ್ಜೆಯಿಟ್ಟರೆ ಬೆಳಕು. ಅಡ್ಡಕಮಾನುಗಳ ಕಲ್ಲುಗಳು ಒಂದು ಬಿಳಿ, ಒಂದು ಕಂದು ಎಂದು ಬದಲಾಗುತ್ತ 62 ಮೀಟರಿನ ಸಭಾಂಗಣದುದ್ದಕ್ಕೂ ಸಾಗಿ, ಕೊನೆಗೆ 12ನೇ ಶತಮಾನದ ಉತ್ತರಾರ್ಧದ ಗಾಥಿಕ್ ಗರ್ಭಗೃಹದ ಬಿಳಿಯಲ್ಲಿ ಕರಗುತ್ತವೆ. ಜೂನ್ ತಿಂಗಳಲ್ಲಿ ಸೂರ್ಯ ಅತಿ ಎತ್ತರದಲ್ಲಿರುವ ದಿನಗಳ ಮಧ್ಯಾಹ್ನ, ದಕ್ಷಿಣದ ಮೇಲುಕಿಟಕಿಗಳಿಂದ ಇಳಿದ ಬಿಸಿಲು ನೆಲದ ನಟ್ಟನಡುವೆ ಒಂಬತ್ತು ಬೆಳಕಿನ ಮಡುಗಳಾಗಿ ಸಾಲುಗಟ್ಟಿ ಬೀಳುತ್ತದೆ. ಫ್ರಾನ್ಸಿಸ್ಕನ್ ಪಾದ್ರಿ ಊಗ್ ದೆಲೋತ್ರ್ 1976ರಲ್ಲಿ ಇದನ್ನು ಗುರುತಿಸಿದರು. ನಾವು ಹೋದದ್ದು ಸೆಪ್ಟೆಂಬರಿನಲ್ಲಾದ್ದರಿಂದ ಬಿಸಿಲು ಕಂಬಗಳ ಮೇಲೆ ಓರೆಯಾಗಿ ಬಿದ್ದಿತ್ತು. ಅದರಿಂದ ಕಂಬದ ತಲೆಗಳು ಚೆನ್ನಾಗಿ ಕಂಡವು. ಅವುಗಳಲ್ಲಿ ಎಲ್ಲರೂ ಹುಡುಕುವುದು ಬೀಸುವ ಯಂತ್ರದ ಶಿಲ್ಪ. ಒಬ್ಬ ಮೇಲಿನಿಂದ ಕಾಳು ಸುರಿಯುತ್ತಾನೆ, ಅವನು ಮೋಶೆ. ಇನ್ನೊಬ್ಬ ಕೆಳಗೆ ಚೀಲ ಹಿಡಿದು ಹಿಟ್ಟು ತುಂಬಿಕೊಳ್ಳುತ್ತಾನೆ, ಅವನು ಪೌಲ. ಹಳೆಯ ಒಡಂಬಡಿಕೆಯ ಕಾಳು ಹೊಸದರಲ್ಲಿ ಹಿಟ್ಟಾಗುತ್ತದೆ ಎಂಬ ದೊಡ್ಡ ತತ್ವವನ್ನು ಗಿರಣಿಗೆ ಹೋಗುವ ಯಾರಿಗಾದರೂ ತಿಳಿಯುವಂತೆ ಹೇಳಿದ್ದಾರೆ. ಸಂಜೆ ಬಿಳಿ ನಿಲುವಂಗಿ ತೊಟ್ಟ ಸನ್ಯಾಸಿಗಳೂ ಸನ್ಯಾಸಿನಿಯರೂ ಸೇರಿ ಹಲವು ಸ್ವರಗಳಲ್ಲಿ ಪ್ರಾರ್ಥನೆ ಹಾಡಿದರು. ಕಟ್ಟಡ ಆ ಸ್ವರವನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ.

ಈ ಗುಡ್ಡದ ಇನ್ನೊಂದು ಚರಿತ್ರೆಯನ್ನು ಹೇಳದೆ ಮುಂದೆ ಹೋಗಲಾಗದು. ಬಾಗಿಲು ಕೆತ್ತಿ ಹೆಚ್ಚು ವರ್ಷ ಆಗಿರಲಿಲ್ಲ. 1146ರ ಮಾರ್ಚ್ 31ರಂದು ಕ್ಲೇರ್ವೋದ ಬರ್ನಾರ್ಡ್ ರಾಜ ಏಳನೇ ಲೂಯಿಯ ಎದುರಿನಲ್ಲಿ ಎರಡನೇ ಕ್ರುಸೇಡಿಗೆ ಕರೆಕೊಟ್ಟದ್ದು ಇಲ್ಲೇ. ಜನ ಚರ್ಚಿನಲ್ಲಿ ಹಿಡಿಸದೆ ಉತ್ತರದ ಇಳಿಜಾರಿನಲ್ಲಿ ವೇದಿಕೆ ಕಟ್ಟಿದರು. ಹಂಚಲು ತಂದ ಬಟ್ಟೆಯ ಶಿಲುಬೆಗಳು ಮುಗಿದಾಗ ಆತ ತನ್ನ ಉಡುಪನ್ನೇ ಹರಿದುಕೊಟ್ಟನಂತೆ. 1190ರಲ್ಲಿ ಇಂಗ್ಲೆಂಡಿನ ರಿಚರ್ಡನೂ ಫ್ರಾನ್ಸಿನ ಫಿಲಿಪ್ಪನೂ ಮೂರನೇ ಕ್ರುಸೇಡಿಗೆ ಹೊರಟು ಇಲ್ಲಿ ಕೂಡಿಕೊಂಡರು. ಆ ಬಾಗಿಲಿಗೂ ಕ್ರುಸೇಡಿಗೂ ನಂಟಿದೆ ಎನ್ನುವ ಇತಿಹಾಸಕಾರರಿದ್ದಾರೆ. ಎಲ್ಲ ಜನಾಂಗಗಳನ್ನೂ ಸೇರಿಸಿಕೊಳ್ಳುವ ಆಸೆಯೇ ಗೆದ್ದುಕೊಳ್ಳುವ ಆಸೆಯೂ ಆಗಬಲ್ಲದು ಎಂದು ಅವರ ವಾದ. ಇರಬಹುದು. ಆದರೂ ಉಪದೇಶಕ್ಕಿಂತ ಶಿಲ್ಪ ದೊಡ್ಡದು ಎಂದೇ ನನ್ನ ತೀರ್ಮಾನ. ಬರ್ನಾರ್ಡನ ಮಾತು ಕೇಳಿ ಹೋದ ಸೈನ್ಯ ಸೋತು ಹಿಂದಿರುಗಿತು. ಕಿವಿಯ ಮಗು ಇನ್ನೂ ಅಲ್ಲೇ ಇದೆ.

ಬೆಸಿಲಿಕಾದ ಒಳಗೋಡೆಗಳಿಗೆ ಒರಗಿಸಿದ ದೊಡ್ಡ ಮರದ ಶಿಲುಬೆಗಳನ್ನು ಪ್ರವಾಸಿಗರು ಅಷ್ಟಾಗಿ ಗಮನಿಸುವುದಿಲ್ಲ. ಬರ್ನಾರ್ಡನ ಕರೆಗೆ 800 ವರ್ಷ ತುಂಬಿದ 1946ರಲ್ಲಿ, ಮಹಾಯುದ್ಧ ಮುಗಿದ ಮರುವರ್ಷ, ಶಾಂತಿಯ ಯಾತ್ರೆಯೆಂದು ನಾನಾ ಕಡೆಯಿಂದ 14 ಶಿಲುಬೆಗಳನ್ನು ಹೆಗಲ ಮೇಲೆ ಹೊತ್ತು ಜನ ಇಲ್ಲಿಗೆ ನಡೆದು ಬಂದರು. ಹತ್ತಿರದ ಶಿಬಿರದಲ್ಲಿದ್ದ ಜರ್ಮನ್ ಯುದ್ಧಕೈದಿಗಳು ತಾವೂ ಬರುತ್ತೇವೆಂದು ಕೇಳಿಕೊಂಡು, ಬಾಂಬಿಗೆ ಬಿದ್ದ ಮನೆಗಳ ತೊಲೆಗಳಿಂದ 15ನೆಯದನ್ನು ಮಾಡಿ ಹೊತ್ತರು. ಆ ಒರಟು ತೊಲೆಗಳನ್ನು ಮುಟ್ಟಿ ನೋಡಿದೆ. ನಾಲ್ಕೈದು ವರ್ಷ ತಮ್ಮನ್ನು ಆಳಿದ ಸೈನ್ಯದವರಿಗೆ ಮೆರವಣಿಗೆಯಲ್ಲಿ ಜಾಗ ಬಿಟ್ಟುಕೊಟ್ಟ ಹಳ್ಳಿಗರ ದೊಡ್ಡತನವನ್ನು ನೆನೆದರೆ ಗಂಟಲು ಕಟ್ಟುತ್ತದೆ.

ಬೀದಿ ಇಳಿಯುವಾಗ ಸಿಗುವ ಒಂದು ಮನೆಯಲ್ಲಿ ರೊಮೆಂ ರೊಲಾಂ ತಮ್ಮ ಕೊನೆಯ ವರ್ಷಗಳನ್ನು ಕಳೆದರು. ಈಗ ಅದು ಜೆರ್ವೊಸ್ ಮ್ಯೂಸಿಯಂ. ಪಿಕಾಸೊ, ಕಾಂದಿನ್‌ಸ್ಕಿ, ಕಾಲ್ಡರ್ ಮುಂತಾದವರ ಕೃತಿಗಳಿವೆ. ನಾನು ಹೋದದ್ದು ರೊಲಾಂ ಅವರಿಗಾಗಿ. ಈ ಸೀಮೆಯ ಕ್ಲಾಮ್ಸಿಯಲ್ಲೇ 1866ರಲ್ಲಿ ಹುಟ್ಟಿದವರು. 1915ರ ನೊಬೆಲ್ ಪಡೆದವರು. ಸ್ವಿಟ್ಜರ್ಲೆಂಡಿನಲ್ಲಿ ಬಹುಕಾಲ ಇದ್ದು 1938ರಲ್ಲಿ ಈ ಗುಡ್ಡಕ್ಕೆ ಬಂದರು. ಗಾಂಧೀಜಿಯ ಬಗ್ಗೆ ಅವರು ಬರೆದ ಪುಸ್ತಕ 1924ರದು; ಮ್ಯಾಡಲಿನ್ ಸ್ಲೇಡ್ ಎಂಬ ಇಂಗ್ಲಿಷ್ ತರುಣಿ ಅವರಿಂದ ಗಾಂಧೀಜಿಯ ವಿಚಾರ ತಿಳಿದು ಮರುವರ್ಷ ಸಾಬರಮತಿ ಸೇರಿ ಮೀರಾಬೆನ್ ಆದರು. ರಾಮಕೃಷ್ಣ, ವಿವೇಕಾನಂದರ ಜೀವನಚರಿತ್ರೆಗಳು 1929, 1930ರಲ್ಲಿ ಬಂದವು. ಕುವೆಂಪು ಅದೇ ಇಬ್ಬರ ಜೀವನವನ್ನು ಕನ್ನಡದಲ್ಲಿ ಬರೆದದ್ದು ಆ ಆಸುಪಾಸಿನ ವರ್ಷಗಳಲ್ಲೇ.

“ಇವರು ನಮ್ಮ ದೇಶಕ್ಕ ಎಷ್ಟ ಸಲ ಬಂದಿದ್ರು?” ಎಂದು ಹುಡುಗಿ ಕೇಳಿದಳು.

ಒಂದು ಸಲವೂ ಇಲ್ಲ. ಇಂಗ್ಲಿಷ್ ಕೂಡ ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ. ತಂಗಿ ಇಂಗ್ಲಿಷ್ ಪುಸ್ತಕಗಳನ್ನು ಓದಿ ಫ್ರೆಂಚಿನಲ್ಲಿ ಹೇಳುತ್ತಿದ್ದಳು. ಗಾಂಧೀಜಿ 1931ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಅವರ ಮನೆಗೆ ಬಂದಾಗ ಮಾತು ದಾಟಿಸಿದವಳೂ ಅವಳೇ. ಬಾಗಿಲು ಕೆತ್ತಿದವನಂತೆ ಇವರೂ ಭಾರತವನ್ನು ಕೇಳಿ ತಿಳಿದವರು. ಆದರೆ ಇವರು ಕೇಳಿದ್ದನ್ನು ನಂಬಿ ಸುಮ್ಮನಾಗಲಿಲ್ಲ. ರಾಮಕೃಷ್ಣ ಮಠದ ಸ್ವಾಮಿಗಳಿಗೆ ಪತ್ರ ಬರೆದು, ಮರುಪ್ರಶ್ನೆ ಹಾಕಿ, ಒಪ್ಪದ ಕಡೆ ವಾದಿಸಿದರು. ದೂರದವರ ಮುಖವನ್ನು ಸರಿಯಾಗಿ ಕೆತ್ತಲು ದೇಶ ಸುತ್ತಲೇಬೇಕೆಂದಿಲ್ಲ, ಕೇಳುವ ತಾಳ್ಮೆ ಬೇಕು. ಜರ್ಮನರು ಊರು ಹಿಡಿದ ವರ್ಷಗಳಲ್ಲಿ, ಕಾಯಿಲೆಯ ನಡುವೆಯೂ, ರೊಲಾಂ ಇಲ್ಲಿ ಕುಳಿತು ಬರೆಯುತ್ತಲೇ ಇದ್ದರು. ಬಿಡುಗಡೆ ನೋಡಿ, 1944ರ ಡಿಸೆಂಬರ್ 30ರಂದು ತೀರಿಕೊಂಡರು.

ಮಾರನೆಯ ದಿನ ಉತ್ತರದ ಇಳಿಜಾರಿನಲ್ಲಿ ಕೊರ್ದೆಲ್ ಎಂಬ ಸಣ್ಣ ಪ್ರಾರ್ಥನಾ ಮಂದಿರದವರೆಗೆ ನಡೆದು, ಅಲ್ಲಿಂದ ದ್ರಾಕ್ಷಿ ತೋಟಗಳ ಕಡೆ ತಿರುಗಿದೆವು. ಕೊಯ್ಲು ನಡೆಯುತ್ತಿತ್ತು. ಮಠದ ಕಾಲದಿಂದ ಬೆಳೆದುಬಂದ ಈ ತೋಟಗಳನ್ನು 19ನೇ ಶತಮಾನದ ಕೊನೆಗೆ ಫಿಲಾಕ್ಸೆರಾ ಎಂಬ ಬೇರುಹುಳ ತಿಂದುಹಾಕಿತು. ಬಹುಕಾಲ ಗುಡ್ಡದ ಬದಿಗಳು ಬೋಳಾಗಿದ್ದವು. 1970ರ ದಶಕದಲ್ಲಿ ಊರವರು ಮತ್ತೆ ನೆಟ್ಟರು. 2017ರಲ್ಲಿ ವೆಝ್ಲೆಯ ಹೆಸರಿನಲ್ಲೇ ವೈನ್ ಮಾರುವ ಹಕ್ಕು ಸಿಕ್ಕಿತು. ಬಿಳಿ ವೈನಿಗೆ ಮಾತ್ರ, ಶಾರ್ಡೊನೆ ಹಣ್ಣಿನದು, ವೆಝ್ಲೆಯೂ ಸುತ್ತಲಿನ ಮೂರು ಹಳ್ಳಿಗಳೂ ಸೇರಿ. ಸುಣ್ಣಕಲ್ಲಿನ ನೆಲ. ಹಿಂದಿನ ಸಂಜೆ ಒಂದು ನೆಲಮಾಳಿಗೆಯಲ್ಲಿ ರುಚಿ ನೋಡಿದ್ದೆವು: ತೆಳು ಹೊಂಬಣ್ಣ, ನಿಂಬೆಯ ಹುಳಿ, ನುಂಗಿದ ಮೇಲೆ ನಾಲಿಗೆಯ ಮೇಲೆ ಉಳಿಯುವ ಸಣ್ಣ ಉಪ್ಪು. ಸಿಹಿದ್ರಾಕ್ಷಿ ತಿಂದು ಬೆಳೆದ ನನಗೆ ಅಷ್ಟು ಒಣ ರುಚಿ ಹೊಸದು, ಆದರೆ ಎರಡನೆಯ ಗುಟುಕಿಗೆ ಒಗ್ಗಿತು.

ಸಾಲಿನ ತುದಿಯಲ್ಲಿ ಬುಟ್ಟಿ ಇಳಿಸಿ ಬೆನ್ನು ನೀವಿಕೊಳ್ಳುತ್ತಿದ್ದ ಹೆಂಗಸು ನಮ್ಮನ್ನು ಮಾತಾಡಿಸಿದಳು. ತೋಟ ಅವಳದೇ. ಭಾರತ ಎಂದಾಗ ಪಾಂಡಿಚೇರಿಯೇ ಎಂದು ಕೇಳಿದಳು. ಅಲ್ಲ, ಇನ್ನೂ ಪಶ್ಚಿಮಕ್ಕೆ, ನಮ್ಮಲ್ಲೂ ದ್ರಾಕ್ಷಿ ಬೆಳೆಯುತ್ತೇವೆ ಎಂದು ಹುಡುಗಿಯ ಬಾಯಿಂದ ಹೇಳಿಸಿದೆ. ಅಷ್ಟು ಬಿಸಿಲಿನಲ್ಲೇ ಎಂದು ಅವಳಿಗೆ ಆಶ್ಚರ್ಯ. ಕೊಯ್ಲು ಯಾವಾಗ ಎಂದಳು. ಫೆಬ್ರವರಿಯಿಂದ ಶುರು, ಬಹುಪಾಲು ಒಣದ್ರಾಕ್ಷಿ ಮಾಡುತ್ತೇವೆ ಎಂದೆ. ಏಪ್ರಿಲಿನಲ್ಲಿ ಎಳೆಮೊಗ್ಗಿಗೆ ಹಿಮ ಬಿದ್ದರೆ ವರ್ಷವೇ ಹೋಯಿತು, ರಾತ್ರಿಯೆಲ್ಲ ಸಾಲಿನ ನಡುವೆ ಬೆಂಕಿ ಹಚ್ಚಿ ಕಾಯಬೇಕು ಎಂದು ತನ್ನ ಕಷ್ಟ ಹೇಳಿದಳು. ನಮಗೆ ಆಣೆಕಲ್ಲು, ಅಕಾಲದ ಮಳೆ ಎಂದೆ. ಆಮೇಲೆ ಚಾಟ್ನಿಯ ಮಾತು ಬಂತು. ಅವರು ಚಳಿಗಾಲದಲ್ಲಿ ಒಮ್ಮೆ ಬಳ್ಳಿ ಸವರುತ್ತಾರೆ. ನಾವು ವರ್ಷಕ್ಕೆ ಎರಡು ಸಲ, ಏಪ್ರಿಲ್ ಚಾಟ್ನಿ ಕಡ್ಡಿಗೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ.

ಅವಳು ಹುಡುಗಿಯ ಮುಖ ನೋಡಿ ಮತ್ತೊಮ್ಮೆ ಕೇಳಿದಳು, ಎರಡು ಬೆರಳು ಎತ್ತಿ ತೋರಿಸುತ್ತ. ಹೌದು ಎಂದು ಖಾತ್ರಿಯಾದ ಮೇಲೆ ಮೇಲಿನ ಸಾಲಿನಲ್ಲಿ ಕೊಯ್ಯುತ್ತಿದ್ದವರನ್ನು ಕೂಗಿ ಕರೆದು ಏನೋ ಹೇಳಿದಳು. ಅವರು ಕತ್ತರಿ ನಿಲ್ಲಿಸಿ ನಮ್ಮತ್ತ ತಿರುಗಿದರು.

“ಏನಂದ್ಲು?”

“ಇಂಡಿಯಾದಾಗ ಬಳ್ಳಿಗೆ ವರ್ಷಕ್ಕ ಎರಡ ಸಲ ಕತ್ತರಿ ಹಾಕ್ತಾರಂತ, ಅದು ಮಲಗೋದs ಇಲ್ಲಂತ ಅನ್ನಾಕತ್ಯಾಳ. ನಿನಗ ಕೇಳ್ತಾಳ ನೋಡು ಅತ್ತಿ, ಚಳಿಗಾಲಿಲ್ಲದ ಬಳ್ಳಿ ದಣಿವು ಯಾವಾಗ ಆರಸ್ಕೋತೈತಿ ಅಂತ.”

ಬೇಸಿಗೆಯ ಚಾಟ್ನಿಗೆ ಮೊದಲು, ಹಣ್ಣು ಇಳಿಸಿದ ಮೇಲೆ, ಕೆಲವು ವಾರ ನೀರು ಕಡಿಮೆ ಮಾಡಿ ಬಿಡುತ್ತೇವೆ, ಅದೇ ಅದರ ವಿಶ್ರಾಂತಿ ಎಂದು ಹೇಳು ಅಂದೆ. ಅವಳು ಅದನ್ನು ಹೇಳುತ್ತಿರುವಾಗ ಮೇಲಿನ ಸಾಲಿನಿಂದ ಒಬ್ಬ ಹುಡುಗ ಕೆಳಗಿಳಿದು ಬಂದು, ನೀರು ಎಷ್ಟು ದಿನಕ್ಕೊಮ್ಮೆ ಕೊಡುತ್ತೀರಿ ಎಂದು ಮುಂದಿನ ಪ್ರಶ್ನೆ ಕೇಳಿದ.